ಅಳಬಾರದ ತುಟಿ

ಮಹಾರಾಣಿಗೆ ಆರು ವರ್ಷ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಆದರೆ ಮನೆಯಲ್ಲಿ ಅವಳ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲವಾದ್ದರಿಂದ ಈ ಹೆಸರೇ ಗಟ್ಟಿಯಾಯಿತು. ಎದುರಾಡಿದರೆ ಅವಳು ಅಳುತ್ತಾಳೆ. ಅತ್ತರೆ ಕೆಳತುಟಿಯ ಒಳಗಿನ ಗಂಟು ಉಬ್ಬುತ್ತದೆ. ಉಬ್ಬಿದ ಗಂಟಿಗೆ ಹಲ್ಲು ತಾಗಿದರೆ ರಕ್ತ. ರಕ್ತ ಕಂಡರೆ ಮನೆಯವರಿಗೆಲ್ಲ ಜೀವ ಬಾಯಿಗೆ ಬರುತ್ತದೆ. ಹಾಗಾಗಿ ಇಷ್ಟು ವರ್ಷ ಆ ಮನೆಯವರೆಲ್ಲ ಸೇರಿ ಮಾಡಿದ ದೊಡ್ಡ ಕೆಲಸವೆಂದರೆ ಒಂದು ಮಗುವನ್ನು ಅಳಿಸದೆ ಇದ್ದದ್ದು.

ಅದು ಹುಟ್ಟಿನಿಂದಲೇ ಬಂದ ಗಂಟು. ರಕ್ತನಾಳಗಳು ನೆಟ್ಟಗೆ ಹರಡಿಕೊಳ್ಳುವ ಬದಲು ಅಲ್ಲೊಂದು ಕಡೆ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿದ್ದವು. ಸುಮ್ಮನಿದ್ದಾಗ ಬಟಾಣಿ ಕಾಳಿನಷ್ಟು ತಿಳಿನೀಲಿ ಚುಕ್ಕೆ. ಅತ್ತರೆ, ಓಡಿದರೆ, ತಲೆ ಬಗ್ಗಿಸಿದರೆ ರಕ್ತ ತುಂಬಿ ಕಪ್ಪು ದ್ರಾಕ್ಷಿಯಾಗುತ್ತಿತ್ತು.

ಅವಳ ಅಜ್ಜಿ, ಅಂದರೆ ಅಮ್ಮನ ಅತ್ತೆ, ಈ ವಿಷಯದಲ್ಲಿ ಕಾನೂನನ್ನೇ ಮಾಡಿಟ್ಟಿದ್ದರು. ಓಡಬಾರದು. ತಲೆ ಕೆಳಗೆ ಹಾಕಬಾರದು. ಬಿದ್ದ ಆಟಿಕೆಯನ್ನು ಮಹಾರಾಣಿ ಕತ್ತು ನೆಟ್ಟಗಿಟ್ಟುಕೊಂಡು, ನಿಧಾನವಾಗಿ ಮಂಡಿಯೂರಿ, ಕೈ ತಡವರಿಸಿ ಎತ್ತಿಕೊಳ್ಳುತ್ತಿದ್ದಳು. ಪಕ್ಕದ ಮನೆಯ ಮಕ್ಕಳಿಗೆ ಅಜ್ಜಿ ಬಿಸ್ಕತ್ತಿನ ಲಂಚ ಕೊಟ್ಟು ಪ್ರತಿ ಆಟದಲ್ಲೂ ಅವರೇ ಸೋಲುವಂತೆ ಮಾಡುತ್ತಿದ್ದರು. ಸೋಲೆಂದರೇನು ಎಂದು ಗೊತ್ತಿಲ್ಲದೆ ಬೆಳೆದ ಹುಡುಗಿಯ ಗತ್ತು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ.

ಅಮ್ಮ ಬಟ್ಟೆ ರಿಪೇರಿ ಅಂಗಡಿಯಲ್ಲಿ ಹೊಲಿಗೆಯವಳು. ದಿನವಿಡೀ ಕಿತ್ತುಹೋದ ಜಿಪ್ಪು ಬದಲಿಸಿ, ಅಂಚು ಮಡಚಿ ಹೊಲಿದು ಮನೆಗೆ ಬಂದರೆ ಇಲ್ಲಿ ಇನ್ನೊಂದು ಕಾವಲು ಶುರುವಾಗುತ್ತಿತ್ತು. ಮಗುವಿನ ಮುಖ ಸಣ್ಣಗಾದರೆ ಕತೆ ಹೇಳು, ತುಟಿ ನಡುಗಿದರೆ ಕೋತಿಯಂತೆ ಕುಣಿ. ಕುಣಿದು ಕುಣಿದು ಅವಳು ಹಣ್ಣುಗಾಯಿ ನೀರುಗಾಯಿ ಆಗಿದ್ದಳು. ಈಗೀಗ ಕೋಪ ಮಾಡಿಕೊಳ್ಳುವುದಕ್ಕೂ ತ್ರಾಣವಿರಲಿಲ್ಲ.

ಹೋದ ವಾರ ಬ್ರೆಡ್ಡಿನ ಗಟ್ಟಿ ಅಂಚು ತಾಗಿ ಗಂಟು ಒಡೆದು, ಮುಕ್ಕಾಲು ಗಂಟೆ ರಕ್ತ ನಿಲ್ಲಲಿಲ್ಲ. ಅವತ್ತೇ ಅಮ್ಮ ತೀರ್ಮಾನ ಮಾಡಿದಳು. ಈ ಸಲ ಗಂಟು ಕರಗಿಸುವ ಲೇಸರ್ ಚಿಕಿತ್ಸೆಗೆ ದಿನ ಗೊತ್ತುಮಾಡಿಸಿಕೊಳ್ಳದೆ ಡಾಕ್ಟರ ಮುಂದಿನಿಂದ ಏಳುವುದಿಲ್ಲ. ಇದು ನಾಲ್ಕನೆಯ ಭೇಟಿ. ಹಿಂದಿನ ಮೂರು ಸಲವೂ ಚೀಟಿಯಲ್ಲಿ ಒಂದೇ ಮಾತು ಬರೆದಿದ್ದರು: ಸಣ್ಣದಿದೆ, ಕಾಯೋಣ.

ಆಸ್ಪತ್ರೆಯ ಬಾಯಿಯ ಚಿಕಿತ್ಸೆಯ ವಿಭಾಗದಲ್ಲಿ ಮೂರು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಒಳಗೆ ಕರೆದರು. ಡಾಕ್ಟರು ಮಗುವಿನ ತುಟಿ ಮಗುಚಿ, ದೀಪ ಹಿಡಿದು ನೋಡಿದರು.

"ನೋಡಿಮ್ಮಾ, ಕಾಳಿನಷ್ಟಿದೆ. ಇಷ್ಟಕ್ಕೆ ಮಗೂನ ಅರಿವಳಿಕೆ ಕೊಟ್ಟು ಪೂರ್ತಿ ಮಲಗಿಸಿ ಲೇಸರ್ ಹಾಕೋದು ಯಾಕೆ? ಇನ್ನೆರಡು ವರ್ಷ ಕಾಯೋಣ."

"ಹೋದ ವಾರ ಮುಕ್ಕಾಲು ಗಂಟೆ ರಕ್ತ ಬಂತು ಡಾಕ್ಟ್ರೇ."

"ತುಟಿ ಕಚ್ಚಿಕೊಂಡ್ರೆ ಯಾರಿಗಾದ್ರೂ ಬರುತ್ತೆ." ಅವರ ಪೆನ್ನು ಆಗಲೇ ಚೀಟಿಯ ಮೇಲೆ ಓಡುತ್ತಿತ್ತು. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ಡಾಕ್ಟರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. ಅವರ ಮೇಲೆ ಸಿಟ್ಟಾಗಬೇಕೆಂದು ಅಮ್ಮ ನೋಡಿದಳು, ಆಗಲಿಲ್ಲ.

ಮೂಲೆಯಲ್ಲಿ ಹತ್ತಿಯುಂಡೆ ಜೋಡಿಸುತ್ತಿದ್ದ ವಯಸ್ಸಾದ ನರ್ಸು ತಿರುಗಿದರು. "ಅತ್ತಾಗ ಎಷ್ಟು ದೊಡ್ಡದಾಗುತ್ತಮ್ಮಾ?"

"ಅವಳು ಅಳಲ್ಲ ಸಿಸ್ಟರ್."

"ಅಳದಿರೋ ಮಗು ಎಲ್ಲಾದ್ರೂ ಇರುತ್ತಾ?"

"ನಾವು ಅಳಿಸಲ್ಲ."

ನರ್ಸಿನ ಕಣ್ಣು ಮಗುವಿನ ಕೈಲಿದ್ದ ಫ್ಲಾಸ್ಕಿನ ಮೇಲೆ ಬಿತ್ತು. "ಇದರಲ್ಲೇನು?"

"ಐಸು. ಒಳಗೆ ಬರೋ ಮುಂಚೆ ಅರ್ಧ ಗಂಟೆ ಚೀಪಿಸ್ತೀನಿ. ಊದಿಕೊಂಡಿರೋ ಬಾಯಿ ತೋರಿಸೋಕೆ ಒಂಥರಾ ಆಗುತ್ತಲ್ಲ."

"ಪ್ರತಿ ಸಲಾನೂ ಚೀಪಿಸಿ ಕರ್ಕೊಂಡು ಬಂದ್ರಾ?"

"ಹೂಂ. ಪ್ರತಿ ಸಲಾನೂ."

ಡಾಕ್ಟರ ಪೆನ್ನು ನಿಂತಿತು.

ಅಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನೆಂಟರು ಬರುತ್ತಾರೆಂದು ಹರಕು ಚಾದರವನ್ನು ಮಂಚದಡಿಗೆ ತಳ್ಳುವುದಿಲ್ಲವೇ, ಹಾಗೆ ಅವಳು ಐಸಿನಿಂದ ಗಂಟನ್ನು ಕುಗ್ಗಿಸಿ, ರೋಗವನ್ನು ಒಪ್ಪ ಓರಣ ಮಾಡಿ ಡಾಕ್ಟರಿಗೆ ತೋರಿಸುತ್ತ ಬಂದಿದ್ದಳು. ಒಂದು ಸಲವಲ್ಲ, ನಾಲ್ಕು ಸಲ. ಯಾರನ್ನಾದರೂ ಬೈಯೋಣವೆಂದರೆ ಬೈಯುವುದಕ್ಕೆ ತಾನೊಬ್ಬಳೇ ಉಳಿದಿದ್ದಳು.

"ಪುಟ್ಟಾ," ಡಾಕ್ಟರು ಕುರ್ಚಿ ಮುಂದಕ್ಕೆಳೆದರು, "ತಲೆ ಕೆಳಗೆ ಹಾಕು, ನೋಡೋಣ."

"ಹಾಕಬಾರದು," ಎಂದಳು ಮಹಾರಾಣಿ. "ಅಜ್ಜಿ ಬೈತಾರೆ."

"ಅಜ್ಜಿ ಇಲ್ಲಿಲ್ವಲ್ಲ?"

"ಗೊತ್ತಾಗುತ್ತೆ ಅವ್ರಿಗೆ."

ನರ್ಸು ಪುಸಲಾಯಿಸಿದರು, ಡಾಕ್ಟರು ಗದರಿದಂತೆ ಮಾಡಿದರು. ಹುಡುಗಿಯ ಕತ್ತು ಕಂಬದಂತೆ ನಿಂತೇ ಇತ್ತು. ಆಗ ಅಮ್ಮ ಎದ್ದಳು. ಬ್ಯಾಗು ಕೆಳಗಿಟ್ಟು, ಡಾಕ್ಟರಿಗೆ ಬೆನ್ನು ಮಾಡಿ ಕಾಲು ಅಗಲಿಸಿ ನಿಂತು, ಸೊಂಟ ಬಗ್ಗಿಸಿ ತಲೆಯನ್ನು ಮೊಣಕಾಲ ಮಧ್ಯೆ ತೂರಿಸಿದಳು. ಕೂದಲು ನೆಲಕ್ಕೆ ಬಿತ್ತು. ಸೊಂಟ ಲಟಕ್ಕೆಂದಿತು.

"ಅಯ್ಯಮ್ಮಾ," ಎಂದಳು ಕೆಳಗಿನಿಂದಲೇ. "ಇಲ್ಲಿಂದ ಡಾಕ್ಟರ ಮೀಸೆ ತಲೆಕೆಳಗಾಗಿ ಕಾಣುತ್ತೆ ಕಣೇ."

ಮೀಸೆಯ ಆಸೆಗೆ ಮಹಾರಾಣಿ ಬಗ್ಗಿದಳು. ಬುದ್ಧಿ ಬಂದ ಮೇಲೆ ಮೊದಲ ಸಲ. ಬಗ್ಗಿ ನೋಡಿ, ಕಿಲಕಿಲ ನಕ್ಕಳು. ನಗುನಗುತ್ತಲೇ ತುಟಿ ತುಂಬಿಕೊಂಡಿತು. ಅವಳು ಮುಖ ಎತ್ತಿದಾಗ ಗಂಟು ಕಪ್ಪು ದ್ರಾಕ್ಷಿಯಾಗಿ ಹೊರಗೆ ಇಣುಕುತ್ತಿತ್ತು. ಅದರ ಬೇರು ಗಲ್ಲದವರೆಗೆ ನೀಲಿಯಾಗಿ ಇಳಿದದ್ದೂ ಕಾಣಿಸಿತು.

ಡಾಕ್ಟರು ದೀಪ ಹತ್ತಿರ ತಂದು ಆ ನೀಲಿಯನ್ನು ಗಲ್ಲದವರೆಗೂ ಹಿಂಬಾಲಿಸಿ ನೋಡಿದರು. ಆಮೇಲೆ, "ಮೊದಲ ದಿನವೇ ನಾನು ಬಗ್ಗಿಸಿ ನೋಡಬೇಕಾಗಿತ್ತು. ತಪ್ಪು ನಂದೂ ಇದೆ ಅಮ್ಮಾ," ಎಂದರು. ಬರೆದ ಸಾಲನ್ನು ಹೊಡೆದುಹಾಕಿ ಗುರುವಾರವೆಂದು ಬರೆದರು.

ಗುರುವಾರ ಬೆಳಗ್ಗೆ ಮಗುವನ್ನು ಮಲಗಿಸುವ ಮೊದಲು ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಗಂಟಿನ ಮೇಲೆ ಗಾಜಿನ ಪಟ್ಟಿ ಒತ್ತಿ ಹಿಡಿದು ಅದರ ಮೂಲಕ ಲೇಸರ್ ಬೆಳಕು ಬಿಡುತ್ತಾರೆ. ಒಳಗಿನ ರಕ್ತ ಹೆಪ್ಪುಗಟ್ಟಿ ಜಾಗ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೋಣೆಯಲ್ಲಿದ್ದವರೆಲ್ಲ ಬಣ್ಣದ ಕನ್ನಡಕ ಹಾಕುತ್ತಾರೆ, ಮಗುವಿನ ಕಣ್ಣಿಗೂ ಮುಚ್ಚಳವಿರುತ್ತದೆ. ಮೊದಲ ಮೂರು ದಿನ ಊತ ಈಗಿನದಕ್ಕಿಂತ ಹೆಚ್ಚೇ ಇರುತ್ತದೆ, ಗಾಬರಿಯಾಗಬಾರದು. ಕೆಲವು ತಿಂಗಳ ಮೇಲೆ ಇನ್ನೊಂದು ಸಲ ಬೇಕಾದರೂ ಬೇಕಾಗಬಹುದು. ಅಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಬಾಗಿಲು ಮುಚ್ಚಿದ ಮೇಲೆ ಹೊರಗಿನ ಬೆಂಚಿನಲ್ಲಿ ಗೋಡೆಗೊರಗಿದವಳು, ನಾಚಿಕೆಯ ಮಾತು, ನಿದ್ದೆ ಹೋದಳು. ಆರು ವರ್ಷದಲ್ಲಿ ಮೊದಲ ಸಲ ಮಗುವಿನ ಕಾವಲನ್ನು ಮನೆಯವರಲ್ಲದ ಯಾರೋ ಮಾಡುತ್ತಿದ್ದರು.

ಎಚ್ಚರವಾದದ್ದು ಅಳುವಿನಿಂದ.

ಎದ್ದು ಬಿದ್ದು ಒಳಗೆ ಓಡಿದಳು. ಮಂಚದ ಮೇಲೆ ಮಹಾರಾಣಿ ಬಾತುಕೊಂಡ ತುಟಿ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಎದೆ ಬಿರಿಯುವಂತೆ ಅಳುತ್ತಿದ್ದಳು. ಅಮ್ಮನ ಕೈಕಾಲು ತಾವಾಗಿಯೇ ಕೆಲಸ ಶುರುಮಾಡಿದವು. "ಅಯ್ಯೋ ನೋಡಿಲ್ಲಿ, ಕೋತಿ ಬಂತು ಕೋತಿ," ಎಂದು ಕುಣಿಯಲು ಕಾಲೆತ್ತಿದಳು.

"ಅಳಲಿ ಬಿಡೀಮ್ಮಾ," ಎಂದರು ನರ್ಸು. "ಒಳಗೆಲ್ಲ ಹೆಪ್ಪುಗಟ್ಟಿದೆ. ಅತ್ತರೆ ಈಗ ಅದು ತುಂಬಿಕೊಳ್ಳಲ್ಲ. ನಾನಿಲ್ಲೇ ನೋಡ್ತಾ ಇರ್ತೀನಿ."

ಎತ್ತಿದ ಕಾಲನ್ನು ಅಮ್ಮ ಇಳಿಸಿದಳು. ಮುಂದೇನು ಮಾಡಬೇಕೆಂದು ತೋಚಲಿಲ್ಲ. ಅಳು ಬರದಂತೆ ತಡೆಯುವುದರಲ್ಲಿ ಅವಳು ನಿಪುಣೆ. ಅಳುವ ಮಗುವಿನ ಹತ್ತಿರ ಸುಮ್ಮನೆ ಕೂತು ಅವಳಿಗೆ ಅಭ್ಯಾಸವೇ ಇರಲಿಲ್ಲ. ಸ್ಟೂಲು ಎಳೆದು ಕೂತು ಮಗುವಿನ ಅಂಗೈ ಹಿಡಿದುಕೊಂಡಳು. ತನ್ನ ಮಗಳ ಅಳು ಇಷ್ಟು ದಪ್ಪ ದನಿಯದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕೇಳುತ್ತ ಕೇಳುತ್ತ ತನ್ನ ಕಣ್ಣಲ್ಲೂ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮಹಾರಾಣಿ ಬಿಕ್ಕುತ್ತ ನಿಲ್ಲಿಸಿದಳು. ಒಂದು ಕಣ್ಣು ತೆರೆದು ಅಮ್ಮನ ಮುಖ ನೋಡಿದಳು.

"ಸಾಕಾ ಅಮ್ಮಾ?" ಊದಿದ ಬಾಯಲ್ಲಿ ಮಾತು ತೊದಲುತ್ತಿತ್ತು.

ಅಮ್ಮ ಮಗುವಿನ ಹಣೆಯ ಕೂದಲು ಸರಿಸಿದಳು. "ನನ್ನ ಯಾಕೆ ಕೇಳ್ತೀಯ ಕಂದಾ? ನಿಂಗೆ ಸಾಕಾಯ್ತಾ?"

ಹುಡುಗಿ ಯೋಚಿಸಿದಳು. ಹೀಗೆ ಅವಳನ್ನು ಯಾರೂ ಕೇಳಿರಲಿಲ್ಲ.

"ಇನ್ನೂ ಇದೆ," ಎಂದಳು.

"ಹಾಗಾದ್ರೆ ಅಳು. ನಾನೆಲ್ಲೂ ಹೋಗಲ್ಲ."

ಮಹಾರಾಣಿ ಕಣ್ಣು ಮುಚ್ಚಿಕೊಂಡು ಮತ್ತೆ ಶುರುಮಾಡಿದಳು.