ಅಣ್ಣನ ಕೈಗೆ ಎಟುಕದ ಮೇಜು

ಹೊಸ ಕೆಲಸದ ಕೋಣೆಯಲ್ಲಿ ಯಾವುದು ಎಲ್ಲಿರಬೇಕೆಂದು ಅಪ್ಪ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ಕಿಟಕಿಗಳ ಕೆಳಗೆ ಮೇಜುಗಳು. ಎಡಗೋಡೆಗೆ ಕಲ್ಲಿನ ಹಲಗೆ, ಅದರ ಮೇಲೆ ಬೆಸುಗೆಯ ಬೆಂಕಿ ಉಗುಳುವ ದೊಡ್ಡ ಟಾರ್ಚು, ಕೆಳಗೆ ಅದರ ಗ್ಯಾಸ್ ಸಿಲಿಂಡರು. ಒಡವೆ ತೊಳೆಯುವ ಆಸಿಡ್ ಪಾತ್ರೆ ನಲ್ಲಿಯ ಪಕ್ಕ. ಪಾಲಿಶ್ ಮೋಟರು ಮಾತ್ರ ಬಾಗಿಲಾಚೆ, ಅದರ ಧೂಳು ಎಲ್ಲರ ಮೂಗಿಗೂ ಹೋಗುತ್ತದೆಂದು.

"ಕೂತಲ್ಲಿಂದ ಏಳಬಾರ್ದು. ಕೈ ಚಾಚಿದ್ರೆ ಬೇಕಾದ್ದೆಲ್ಲ ಸಿಗ್ಬೇಕು. ಕೆಲಸದ ಕೋಣೆ ಅಂದ್ರೆ ಅದು," ಅಂದರು ಅಪ್ಪ.

"ಹೌದೌದು," ಅಂದ ಅಣ್ಣ. "ಈ ಮೂಗೀನೂ ಕೈಗೆ ಸಿಗೋ ಹಾಗೇ ಇರ್ಲಿ."

ಮೂಗಿ ಎಂದರೆ ನಾನು. ಮಾತು ಕಡಿಮೆಯೆಂದು ಅವನಿಟ್ಟ ಹೆಸರು.

ಹಳೆಯ ಕೋಣೆಯಲ್ಲಿ ನಾವು ಮೂವರೂ ನೆಲದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುತ್ತಿದ್ದೆವು. ಶಾಲೆ ಬಿಟ್ಟಂದಿನಿಂದ ನನ್ನ ಜಾಗ ಅಣ್ಣನ ಬಲಗಡೆ. ಬೆಸುಗೆ ಹರಡಿದರೆ ಚಿಮಟದಿಂದ ಗೆಣ್ಣಿನ ಮೇಲೆ. ತಂತಿ ತುಂಡಾದರೆ ಮರದ ಕೊಡತಿಯಿಂದ ಬೆನ್ನಿಗೆ. ಕೂರಿಸಿದ ಕಲ್ಲು ಅಲುಗಿದರೆ ತಲೆ ಹಿಡಿದು ಹಲಗೆಗೆ ಕುಟ್ಟುವುದು. ಅವನು ಎದ್ದು ಬಂದು ಹೊಡೆದವನಲ್ಲ. ಕೆಲಸವನ್ನೂ ನಿಲ್ಲಿಸುತ್ತಿರಲಿಲ್ಲ, ಹೊಡೆದ ಕೈ ಹಾಗೆಯೇ ಅರದ ಕಡೆಗೆ ಹೋಗುತ್ತಿತ್ತು. ಅಪ್ಪನ ಕಣ್ಣು ಸದಾ ಅವರ ಒಡವೆಯ ಮೇಲೆ. "ಕಲೀತಾಳೆ ಬಿಡು," ಅನ್ನುತ್ತಿದ್ದರು, ಯಾರಿಗೆಂದು ಗೊತ್ತಾಗದ ಹಾಗೆ.

ಆದ್ದರಿಂದ ಅಣ್ಣನ ತೋಳಿನ ಉದ್ದ ಅವನಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಮೇಜುಗಳು ಬಂದಾಗ ಅಪ್ಪ, ಅಣ್ಣ ಇಬ್ಬರೂ ಉಪಕರಣ ಕೊಳ್ಳಲು ಹೋಗಿದ್ದರು. ಹಿಂದಿನ ಬೀದಿಯ ಬಡಗಿ ಮಾಮ ನನ್ನ ಮೇಜನ್ನು ಹೆಗಲಿನಿಂದಿಳಿಸಿ, "ಎಲ್ಲಿಡ್ಲಮ್ಮಾ ನಿನ್ನ ಸಿಂಹಾಸನ?" ಅಂದರು.

ನಾನು ಅಣ್ಣನ ಮೇಜಿನಿಂದ ಅವನ ತೋಳಿನಷ್ಟು ಅಳೆದೆ. ಅದರ ಮುಂದೆ ಕೊಡತಿಯನ್ನು ಇಟ್ಟೆ. ಅದರ ಮುಂದೆ ಒಂದು ಗೇಣು. ನನ್ನ ಜಾಗ ಆಚೆ ಕಿಟಕಿಯ ಕೆಳಕ್ಕೇ ಹೋಯಿತು.

"ಪಕ್ಕದಲ್ಲೇ ಅಂದಿದ್ನಲ್ಲಮ್ಮಾ ನಿಮ್ಮಣ್ಣ?"

"ಇಲ್ಲೇ ಮಾಮ. ಕಾಲಿಗೆ ಬೋಲ್ಟ್ ಹಾಕಿ ನೆಲಕ್ಕೆ ಬಿಗಿದ್ಬಿಡಿ."

ಅವರು ನನ್ನ ಗೆಣ್ಣುಗಳನ್ನು ನೋಡಿದರು. ನೆಲ ಕೊರೆಯತೊಡಗಿದರು. "ಅವನ ಮೇಜಿಗೂ ಹಾಕ್ಲಾ?"

"ಅವನನ್ನೇ ಕೇಳಿ."

ಸಂಜೆ ಅವರು ಕೇಳಿದರು. "ನನ್ನ ಮೇಜೇನು ಓಡಿ ಹೋಗುತ್ತಾ?" ಅಂದ ಅಣ್ಣ. ಆಮೇಲೆ ನನ್ನ ಮೇಜು ಅವನ ಕಣ್ಣಿಗೆ ಬಿತ್ತು. ಎರಡೂ ಕೈಯಿಂದ ಹಿಡಿದು ಎಳೆದ. ಅಲುಗಲಿಲ್ಲ. ಬಡಗಿ ಮಾಮನ ಎದುರಿಗೇ ಮುಖ ಕೆಂಪಾಯಿತು. ಅವರು ಹೋಗುವವರೆಗೂ ನಗುತ್ತಲೇ ಇದ್ದ. ಬಾಗಿಲು ಹಾಕಿದ ಮೇಲೆ ನನ್ನ ಕೈಯನ್ನು ಹಿಡಿದು ಮೇಜಿನ ಖಾನೆಯೊಳಗೆ ತೂರಿಸಿ, ಖಾನೆಯನ್ನು ಮೊಣಕಾಲಿನಿಂದ ಗುದ್ದಿ ಮುಚ್ಚಿದ. ಇನ್ನೊಂದು ಸಲ ಗುದ್ದಿದ. ಬೆರಳಿನುಗುರಿನ ಕೆಳಗೆ ರಕ್ತ ಕಪ್ಪಾಗಿ ಕೂತಿತು.

"ಬಿಡೋ, ಕೆಲಸದ ಕೈ ಅದು," ಅಂದರು ಅಪ್ಪ. ತಂಗಿಯ ಕೈ ಅನ್ನಲಿಲ್ಲ. ಆದರೂ ಅಣ್ಣ ಅಷ್ಟರಮಟ್ಟಿಗೆ ಬಿಟ್ಟ.

"ಇಲ್ಲಿ ಬೆಳಕು ಚೆನ್ನಾಗಿದೆ," ಅಂದೆ ನಾನು. ನನ್ನ ದನಿ ಕೇಳಿ ಇಬ್ಬರೂ ತಿರುಗಿದರು.

ಅಪ್ಪ ಕಿಟಕಿಯ ಕಡೆ ನೋಡಿದರು. "ಸರಿ. ಈ ಬಳೆ ಜೋಡಿ ಅಲ್ಲೇ ಕೂತು ಮಾಡು. ಕೆಟ್ರೆ ಬೋಲ್ಟ್ ಬಿಚ್ಚಿ ಅವನ ಪಕ್ಕಕ್ಕೆ. ಆಮೇಲೆ ಮಾತಿಲ್ಲ."

ಬಳೆಗೆ ತಂತಿ ಎಳೆದುಕೊಡಬೇಕಾದವನು ಅಣ್ಣ. ತೂತಿನ ಉಕ್ಕಿನ ಪಟ್ಟಿಯಲ್ಲಿ ಎಳೆದೆಳೆದು ಗಡುಸಾದ ತಂತಿಯನ್ನು ನಡುನಡುವೆ ಕಾಯಿಸಿ ಮೆತ್ತಗಾಗಿಸಬೇಕು. ಇಲ್ಲದಿದ್ದರೆ ಬಗ್ಗಿಸಿದಲ್ಲಿ ಸೀಳುತ್ತದೆ. ಅವನು ಕಾಯಿಸದೆಯೇ ನನ್ನತ್ತ ಎಸೆದ. ಬೆರಳಿಗೆ ಸುತ್ತಿ ನೋಡಿದಾಗಲೇ ತಿಳಿಯಿತು. ನನ್ನ ಮೇಜಿನ ಚಿಕ್ಕ ಟಾರ್ಚು ಹಚ್ಚಿ ಅದನ್ನು ಕಾಯಿಸತೊಡಗಿದೆ.

ಅಪ್ಪ ಬಾಗಿಲಾಚೆ ಪಾಲಿಶ್ ಮಾಡುತ್ತಿದ್ದರು. ಮೋಟರಿನ ಸದ್ದಿಗೆ ಬೇರೇನೂ ಕೇಳಿಸುತ್ತಿರಲಿಲ್ಲ.

"ಏ ಮೂಗಿ, ನಾನು ಕೊಟ್ಟ ತಂತಿಗೆ ಮತ್ತೆ ಬೆಂಕಿ ಹಿಡೀತೀಯಾ? ನನಗೇ ಪಾಠ ಹೇಳ್ತೀಯಾ?"

ಕೊಡತಿ ತೆಗೆದುಕೊಂಡು ಬೀಸಿದ. ಅಭ್ಯಾಸ ಬಲದಿಂದ, ಕೂತಲ್ಲಿಂದಲೇ. ಕೊಡತಿ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ಗಾಳಿಯನ್ನು ಹೊಡೆದು ಹಿಂದಕ್ಕೆ ಹೋಯಿತು.

ನನಗೆ ನಗು ಬಂದುಬಿಟ್ಟಿತು. ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಅದು ಹೊರಗೆ ಬಿದ್ದಾಗಿತ್ತು.

ಅವನು ಚಂಗನೆ ಎದ್ದ. ಚಿನ್ನದ ಕೆಲಸದವರು ಹಾಗೆ ಏಳುವುದಿಲ್ಲ. ನೆಲದಲ್ಲಿ ಕೂರುವಾಗ ಅರದ ಪುಡಿ ಬೀಳಲೆಂದು ತೊಡೆಯ ಮೇಲೆ ತೊಗಲು ಹಾಸಿ, ದಾರವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತೇವೆ. ಹೊಸ ಮೇಜುಗಳಲ್ಲಿ ಆ ತೊಗಲನ್ನು ಹಲಗೆಯ ಕೆಳಕ್ಕೇ ಮೊಳೆ ಹೊಡೆದು ಇಳಿಬಿಟ್ಟಿದ್ದರು. ಕಟ್ಟಿಕೊಳ್ಳುವ ಅಗತ್ಯವೇ ಇರಲಿಲ್ಲ. ಅಣ್ಣ ಹಳೆಯ ರೂಢಿಯಲ್ಲಿ ಬೆಳಿಗ್ಗೆಯೇ ದಾರವನ್ನು ಸೊಂಟಕ್ಕೆ ಬಿಗಿದು ಗಂಟು ಹಾಕಿಕೊಂಡಿದ್ದ.

ತೊಗಲು ಅವನನ್ನು ಹಿಂದಕ್ಕೆಳೆಯಿತು. ಅವನು ಮೇಜನ್ನು ಮುಂದಕ್ಕೆಳೆದ. ಮೊದಲು ಅವನು ಬಿದ್ದ, ಅವನ ಮೇಲೆ ಮೇಜು. ಮೇಜಿನ ಮೂಲೆಗೆ ಸಿಕ್ಕ ಗ್ಯಾಸಿನ ಕೊಳವೆಯ ಜೊತೆ, ಅವನೇ ಹಚ್ಚಿಟ್ಟಿದ್ದ ದೊಡ್ಡ ಟಾರ್ಚೂ ಪಕ್ಕದ ಕಲ್ಲಿನಿಂದ ಉರಿಯುತ್ತಲೇ ಜಾರಿ ಬಂತು. ನೀಲಿ ಜ್ವಾಲೆ ಅವನ ಬಲತೋಳಿನ ಅಂಗಿಗೆ ಹಿಡಿಯಿತು. ಅವನು ಕೂಗಿದ್ದು ಮಾತಾಗಿರಲಿಲ್ಲ.

ನಾನು ಒಂದು ಕ್ಷಣ ಕೂತೇ ಇದ್ದೆ. ಆಮೇಲೆ ಓಡಿದೆ. ಸಿಲಿಂಡರಿನ ತಿರುಪು ಮುಚ್ಚಿದೆ, ನಲ್ಲಿಯ ಕೆಳಗಿದ್ದ ಬಕೆಟಿನ ನೀರನ್ನು ಅವನ ಮೇಲೆ ಸುರಿದೆ. ಹೊಗೆ, ಸುಟ್ಟ ಕೂದಲಿನ ವಾಸನೆ. ಇನ್ನೂ ಉರಿ ಉಳಿದಿದೆಯೇನೋ ಎಂದು ಬಾಗಿ ನೋಡಿದೆ.

ಅವನ ಎಡಗೈ ನನ್ನ ಜಡೆಯನ್ನು ಹಿಡಿಯಿತು.

"ಎಲ್ಲಾ ನಿನ್ನಿಂದ್ಲೇ ಕಣೇ," ಎನ್ನುತ್ತ ಜಡೆಯನ್ನು ಕೈಗೆ ಸುತ್ತಿಕೊಂಡು ನನ್ನ ಹಣೆಯನ್ನು ಮೇಜಿನ ಕಾಲಿಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಹುಬ್ಬು ಸೀಳಿ ಕಣ್ಣೊಳಗೆ ರಕ್ತ ಇಳಿಯಿತು. ಕೈಗೆ ಕೊಡತಿ ತಾಕಿತು. ಅವನ ಮಣಿಕಟ್ಟಿನ ಮೇಲೆ ಹೊಡೆದೆ. ಬಿಡಲಿಲ್ಲ. ತಗಡು ಬಡಿಯುವಾಗಿನಂತೆ ಗುರಿಯಿಟ್ಟು, ಪೂರ್ತಿ ಬಲ ಹಾಕಿ ಇನ್ನೊಂದು ಹೊಡೆದೆ. ಒಳಗೇನೋ ಜಾರಿದ್ದು ಕೊಡತಿಯ ಹಿಡಿಯಲ್ಲೇ ತಿಳಿಯಿತು. ಬೆರಳುಗಳು ಬಿಚ್ಚಿಕೊಂಡವು.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳ ಹಿಂದೆ ಮೋಟರು ನಿಂತಿತು, ಅಪ್ಪ ಓಡಿಬಂದರು.

"ಏನಾಯ್ತೇ? ಏನಾಯ್ತು?"

ಅತ್ತಿಗೆ ಗಂಡನನ್ನು ನೋಡಿದಳು, ನನ್ನ ಕೈಯಲ್ಲಿದ್ದ ಕೊಡತಿಯನ್ನೂ ನೋಡಿದಳು. "ಮೇಜು ಬಿತ್ತು ಮಾವ," ಅಂದಳು. "ಬೋಲ್ಟ್ ಹಾಕ್ಸಿರ್ಲಿಲ್ವಲ್ಲ."

ಅಪ್ಪ ಅಣ್ಣನ ಕಡೆ ತಿರುಗಿದರು. ಅವನು ಹೆಂಡತಿಯನ್ನೇ ನೋಡುತ್ತಿದ್ದ. ತಂಗಿಯ ಕೈಯಲ್ಲಿ ಏಟು ತಿಂದೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಹ್ಞೂಂ," ಅಂದ. "ಮೇಜು."

ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದು ಬಳೆ ಮುಗಿಸಿದೆ. ಅಪ್ಪ ಕಿಟಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು, ಉಗುರಿನಿಂದ ಬೆಸುಗೆ ಸವರಿ ನೋಡಿದರು. ಡಬ್ಬಿಗೆ ಹಾಕಿದರು. ಬೋಲ್ಟಿನ ಮಾತು ಎತ್ತಲಿಲ್ಲ.

ಬಲತೋಳಿನ ಚರ್ಮ ಒಣಗಿದ ಮೇಲೆ ಅಣ್ಣ ಕೆಲಸಕ್ಕೆ ಬಂದು ಕೂತ. ಎಡಗೈ ಇನ್ನೂ ಪಟ್ಟಿಯಲ್ಲಿತ್ತು.

"ಬಂದು ಉಂಗುರ ಹಿಡ್ಕೊ. ಒಂದು ಕೈಲಿ ಅರ ಹಾಕೋಕೆ ಆಗ್ತಿಲ್ಲ," ಅಂದ.

"ಇಲ್ಲಿಗೆ ಕಳ್ಸು. ನಾನೇ ಅರ ಹಾಕಿ ಕೊಡ್ತೀನಿ."

"ಪಕ್ಕಕ್ಕೆ ಬಾ ಅಂದೆ."

"ಇಲ್ಲಿಗೆ ಕಳ್ಸು ಅಂದೆ."

ಅವನು ಅರವನ್ನು ಎಸೆದ. ನೇರ ನನ್ನ ಮುಖಕ್ಕೇ. ತೋಳಿಗೆ ಬಲ ಬಂದಿರಲಿಲ್ಲ. ಅರ ಎರಡು ಮೇಜುಗಳ ನಡುವೆ ಬಿದ್ದು ನೆಲ ಗೀರಿಕೊಂಡು ನಿಂತಿತು.

"ತಂದ್ಕೊಡೇ," ಅಂದ.

ನಾನು ಏಳಲಿಲ್ಲ. ಅಪ್ಪ ಅರವನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಒಡವೆಗೆ ಬಗ್ಗಿದರು. ಅಣ್ಣ ಕಾದ. ಕೊನೆಗೆ ತಾನೇ ಎದ್ದು ಬಂದು ಬಾಗಿದ. ಅವನ ನೆತ್ತಿ ನನಗೆ ಮೊದಲ ಸಲ ಕಂಡಿತು. ಅವನು ಅರ ಎತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ಕೂರುವವರೆಗೂ ನಾನು ಕಣ್ಣು ಕೀಳಲಿಲ್ಲ.