ಮಿರಜದಲ್ಲಿ ಹೆಣೆದ ಸಾಲುಗಳು

ಪಂಢರಪುರದಿಂದ ಉಗಾರ ಬುದ್ರುಕಕ್ಕೆ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹೊಟ್ಟೆಯೊಳಗೆ ಒಂದು ಮಾತು ಇಟ್ಟುಕೊಂಡು ಬಂದಿದ್ದೆ. ಮಾತು ಇಟ್ಟುಕೊಳ್ಳುವ ಹೊಟ್ಟೆಯನ್ನು ದೇವರು ನನಗೆ ಕೊಟ್ಟಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಚಹಾ ಕೇಳಿದ ಯಜಮಾನರ ಮೇಲೆ ಹರಿಹಾಯ್ದೆ. ಪಾಪ, ಅವರೇ ಎದ್ದು ಮಾಡಿಕೊಂಡರು.

ಆದದ್ದು ಇಷ್ಟು. ಮಿರಜ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಲು ಕೂತಿದ್ದೆ. ನಾನು ತಂಗಿಯ ಮೊಮ್ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದೆ. ಯಾರೋ ಬಂದು ಕಾಲು ಮುಟ್ಟಿದರು. ನೋಡಿದರೆ ಸ್ನೇಹಲ, ನನ್ನ ಗೆಳತಿ ಕಾಶಿಬಾಯಿಯ ಮಗಳು. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಮನೆ ಬಿಟ್ಟವಳು. ಅಂದಿನಿಂದ ಅವಳಪ್ಪ ಧರಣೇಂದ್ರ ಮನೆಯಲ್ಲಿ ಅವಳ ಹೆಸರು ಎತ್ತಲು ಬಿಟ್ಟಿಲ್ಲ. ಮಗಳು ಯಾವ ಊರಲ್ಲಿದ್ದಾಳೆ ಎಂಬುದೂ ಕಾಶಿಬಾಯಿಗೆ ಗೊತ್ತಿರಲಿಲ್ಲ. ಇಲ್ಲಿ ನೋಡಿದರೆ ಕಂಕುಳಲ್ಲೊಂದು ಕೂಸು. ಅದನ್ನು ನನ್ನ ತೊಡೆಯ ಮೇಲೆ ಹಾಕಿ, ನನ್ನ ಕೈಯ ಸೂಜಿಗಳನ್ನು ತಾನು ತೆಗೆದುಕೊಂಡಳು. ಗಾಡಿ ಬರುವ ತನಕ ಹೆಣೆಯುತ್ತ, ಅಳುತ್ತ, ಊರಿನ ಸುದ್ದಿ ಕೇಳುತ್ತ ಕೂತಳು. ಸ್ಟೇಷನ್ನಿನ ಹಿಂದಿನ ಓಣಿಯಲ್ಲೇ ತನ್ನ ಮನೆ ಎಂದಳು. ಏಳುವಾಗ ನನ್ನಿಂದ ಆಣೆ ಮಾಡಿಸಿಕೊಂಡಳು.

"ಅವ್ವಗ ಹೇಳಬ್ಯಾಡ್ರಿ ಮಾವಶಿ. ಗೊತ್ತಾದ್ರ ಆಕಿ ನನ್ನ ನೋಡಾಕ ಬಂದ ಬರ್ತಾಳ. ಆಮ್ಯಾಲ ಅಪ್ಪ ಆಕೀನ್ನೂ ಒಳಗ ಬಿಟ್ಟುಕೊಳ್ಳಾಂಗಿಲ್ಲ."

ಮನೆಯಲ್ಲಿ ಚೀಲ ತೆರೆದು ಸ್ವೆಟರ್ ಹೊರತೆಗೆದೆ. ಸ್ನೇಹಲ ಹೆಣೆದ ಸಾಲುಗಳು ನನ್ನವುಗಳ ನಡುವೆ ಎದ್ದು ಕಾಣುತ್ತಿದ್ದವು. ಒಂದೊಂದು ಕುಣಿಕೆ, ನಮ್ಮ ಮಾತಿನಲ್ಲಿ ಟಾಕಾ, ಹಾಕುವಾಗಲೂ ನಾವೆಲ್ಲ ಸೂಜಿಯನ್ನು ಮುಂದಿನಿಂದ ತೂರಿಸುತ್ತೇವೆ. ಕಾಶಿಬಾಯಿ ಹಿಂದಿನಿಂದ ತೂರಿಸುತ್ತಾಳೆ. ಅವಳ ಟಾಕಾ ತಿರುಚಿಕೊಂಡು ಬಿಗಿಯಾಗಿ ಕೂರುತ್ತದೆ. ನಾವು ಎಷ್ಟು ಚೇಷ್ಟೆ ಮಾಡಿದರೂ ಅವಳು ಬಿಡಲಿಲ್ಲ. ಸಾಲದ್ದಕ್ಕೆ ಮಗಳಿಗೂ ಹಾಗೇ ಕಲಿಸಿದಳು. ಊರಲ್ಲಿ ಹಾಗೆ ಹೆಣೆಯುವವರು ಮತ್ತೊಬ್ಬರಿಲ್ಲ.

ಬಿಚ್ಚಿ ಹಾಕಿದರೆ ಮುಗಿಯುತ್ತಿತ್ತು. ಸೂಜಿ ಹೊರಗೆಳೆದೆ, ಮತ್ತೆ ಪೋಣಿಸಿದೆ. ಅಂಗಳಕ್ಕೆ ಹೋಗಿ ಬಂದು ಮತ್ತೆ ಎಳೆದೆ. ಆ ಹುಡುಗಿ ಕಣ್ಣು ಒರೆಸಿಕೊಳ್ಳುತ್ತ ಹೆಣೆದದ್ದನ್ನು ಬಿಚ್ಚಲು ಮನಸ್ಸು ಒಪ್ಪಲಿಲ್ಲ. ಅಷ್ಟರಲ್ಲಿ ಮಲಕವ್ವನ ಫೋನು ಬಂತು. ಹೆಣೆಯುವ ನಾವು ಮಧ್ಯಾಹ್ನ ಸೇರುವುದು ಅವಳ ಮನೆಯ ಕಟ್ಟೆಯ ಮೇಲೆ. ಊರಿಗೆ ಹೋಗಿ ಬಂದವರು ದಾರಿಯಲ್ಲಿ ಹೆಣೆದದ್ದನ್ನು ಅದೇ ದಿನ ಎಲ್ಲರ ಕೈಗೂ ಕೊಡಬೇಕು. ಪ್ರಸಾದ ತರದಿದ್ದರೂ ನಡೆದೀತು, ಹೆಣಿಗೆ ತೋರಿಸದಿದ್ದರೆ ನಡೆಯುವುದಿಲ್ಲ. ಬರಿಗೈಲಿ ಹೋದರೆ ಏನೋ ಇದೆ ಎಂದು ಮಲಕವ್ವ ವಾಸನೆ ಹಿಡಿಯುತ್ತಾಳೆ. ಅದಕ್ಕೆ ಸ್ವೆಟರನ್ನು ಚೀಲದ ತಳಕ್ಕೆ ತುರುಕಿ, ಮೇಲೆ ಚುರುಮುರಿ, ಬತ್ತಾಸು ಇಟ್ಟುಕೊಂಡು ಹೋದೆ.

ಕಟ್ಟೆಯ ಮೇಲೆ ಕೂತು ವಿಠ್ಠಲನ ಗುಡಿಯ ಸಾಲಿನ ಕಥೆಯನ್ನು ಎಷ್ಟು ಎಳೆದರೂ ಹೊತ್ತು ಸರಿಯಲಿಲ್ಲ. ನನ್ನ ಕಾಲು ತಾನೇ ಕುಣಿಯುತ್ತಿತ್ತು. ಕಾಶಿಬಾಯಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಬತ್ತಾಸಿಗೆ ಕೈ ಹಾಕಿದ ಮಲಕವ್ವ ಸ್ವೆಟರನ್ನೇ ಎಳೆದಳು. ಪಂಢರಪುರಕ್ಕೆ ಹೋಗಿ ನನ್ನ ಕೈ ಕೆಟ್ಟಿದೆ ಎಂದು ನಕ್ಕಳು. ಇಷ್ಟನ್ನು ಬಿಚ್ಚಲೇಬೇಕು ಎನ್ನುತ್ತ ಸೂಜಿಗೆ ಬೆರಳು ಹಚ್ಚಿದಳು.

ಕಾಶಿಬಾಯಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. ಆ ಸಾಲುಗಳ ಮೇಲೆ ಹೆಬ್ಬೆರಳು ಆಡಿಸಿದಳು, ಮತ್ತೊಮ್ಮೆ ಆಡಿಸಿದಳು. ಮಲಕವ್ವ ಅವಳನ್ನೂ ನನ್ನನ್ನೂ ನೋಡಿ, ಚಹಾ ಇಡುತ್ತೇನೆಂದು ಒಳಗೆ ಹೋದಳು.

"ನೀ ಯಾರ ಕೈಗೂ ಸೂಜಿ ಕೊಡಾಕಿ ಅಲ್ಲ," ಎಂದಳು ಕಾಶಿಬಾಯಿ. "ಆಕಿ ಇದನ್ನ ಹೆಣಿಯುವಾಗ ನಿನ್ನ ಕೈಯಾಗ ಏನಿತ್ತ?"

ಆಣೆ ನೆನಪಿತ್ತು. ಆದರೂ ಬಾಯಿ ಕೇಳಲಿಲ್ಲ. "ಕೂಸು," ಅಂದೆ. "ಹೆಣ್ಣ ಕೂಸು."

ಸ್ವೆಟರನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಎಲ್ಲಿ ಎಂದು ಕೇಳಿದಳು. ಮಿರಜ ಅಂದೆ.

"ಮಿರಜಕ್ಕ ನಾ ನಮ್ಮ ಮನಿಯವರ ಔಷಧಕ್ಕ ಪ್ರತಿ ತಿಂಗಳಾ ಹೋಗತೇನಲ್ಲ," ಎಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನನಗೂ ಅಳು ತಡೆಯಲಿಲ್ಲ.

ಕಣ್ಣು ಒರೆಸಿಕೊಂಡು, ನಾಳೆ ಬೆಳಗಿನ ಗಾಡಿಗೆ ಜೊತೆಗೆ ಬಾ ಎಂದಳು. ನಾನು ಹೆದರಿದೆ. ಮಗಳು ಹೇಳಿದ್ದನ್ನು ಹೇಳಿದೆ, ಧರಣೇಂದ್ರ ಬಾಗಿಲು ಹಾಕಿಕೊಂಡರೆ ಏನು ಮಾಡುತ್ತೀ ಎಂದು ಕೇಳಿದೆ.

"ಮಗಳ್ನ ನೋಡಾಕ ಹೊಂಟೇನಂತ ಹೇಳೇ ಹೋಗತೇನಿ," ಎಂದಳು. "ಬಾಗಲಾ ಹಾಕಿದ್ರ ನಮ್ಮ ಮನಿ ಕಟ್ಟಿ ಮ್ಯಾಲ ಕೂತು ಮೊಮ್ಮಗಳಿಗೆ ಹೆಣಿತೇನಿ. ಊರೆಲ್ಲಾ ನೋಡ್ಲಿ."