ಬಲಗಣ್ಣಿನ ಮಿಂಚು

ನನಗೆ ಸಾಕ್ಷಾತ್ಕಾರವಾಗಿದೆ ಎಂದು ಬಸವೇಶ್ವರನಗರದ ನಮ್ಮ ಬೀದಿಗೆಲ್ಲ ಡಂಗುರ ಸಾರಿದವಳು ನನ್ನ ನಾದಿನಿ ದಾನಮ್ಮ. ನಾನು ಅಂಥ ಮಾತಾಡಿದವಳೇ ಅಲ್ಲ. ಬೆಳಿಗ್ಗೆ ಪೂಜೆಗೆ ಕೂತು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿಸುವಾಗ ಬಲಗಣ್ಣಿನ ಅಂಚಿನಲ್ಲಿ ಫಳ್ ಎಂದು ಮಿಂಚು ಹೊಡೆಯುತ್ತದೆ ಎಂದಷ್ಟೇ ಗಂಡನ ಹತ್ತಿರ ಹೇಳಿದ್ದೆ. ಅವರು ಏಕಾಂತಯ್ಯನವರು, ರಿಟೈರ್ಡ್ ತಹಸೀಲ್ದಾರರು, ಯಾವುದಕ್ಕೂ ಅಲ್ಲಾಡದ ಮನುಷ್ಯ. ಆ ಮಾತಿಗೆ ಅವರ ಕಣ್ಣಲ್ಲಿ ನೀರು ಬಂತು.

"ಎಷ್ಟು ವರ್ಷದ ಪೂಜೆ ಕಣೇ ನೀಲಾ! ಲಿಂಗದ ಬೆಳಕು ಎಲ್ಲರಿಗೂ ಕಾಣಲ್ಲ," ಎಂದರು.

"ಬೆಂಡೆಕಾಯಿ ಹೆಚ್ಚುವಾಗ್ಲೂ ಕಾಣುತ್ತಲ್ರೀ. ಬಚ್ಚಲಲ್ಲೂ ಕಾಣುತ್ತೆ."

"ನೋಡಣ್ಣಾ, ಅತ್ತಿಗೆಗೆ ಕಾಯಕದಲ್ಲೂ ಕಾಣ್ತಾ ಇದೆ!" ಎಂದು ದಾನಮ್ಮ ಕೈಮುಗಿದಳು.

ಇಂಥವರ ಹತ್ತಿರ ಏನು ಮಾತಾಡುವುದು, ಹೇಳಿ? ಬಲಗಣ್ಣು ಮಂಜಾಗುತ್ತಿತ್ತು. ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಓಡಾಡುತ್ತಿದ್ದವು. ಅದಕ್ಕೂ ದಾನಮ್ಮನ ಹತ್ತಿರ ಉತ್ತರ ಸಿದ್ಧವಿತ್ತು. ವಯಸ್ಸಾಯ್ತಲ್ಲ, ಪೊರೆ ಬಂದಿರುತ್ತೆ. ಇಲ್ಲಾ ಕನ್ನಡಕದ ನಂಬರು ಬದಲಾಗಿರುತ್ತೆ. ಯಾವುದಕ್ಕೂ ಶುಗರ್ ನೋಡಿಸಿ. ಮಿಂಚು ಶಿವನದಂತೆ, ಮಂಜು ಮಾತ್ರ ನನ್ನ ವಯಸ್ಸಿನದಂತೆ! ಭಾನುವಾರ ಸಂಜೆ ಬಳಗದ ಹೆಂಗಸರೆಲ್ಲ ನನಗೆ ಉಡಿ ತುಂಬಲು ಬರುತ್ತಾರೆ ಎಂದೂ ಅಣ್ಣ ತಂಗಿ ಸೇರಿ ನಿಶ್ಚಯಿಸಿಬಿಟ್ಟರು. ನನ್ನನ್ನು ಒಂದು ಮಾತು ಕೇಳಿದವರಿಲ್ಲ.

ಭಾನುವಾರ ಬೆಳಿಗ್ಗೆ ಪೂಜೆಯಲ್ಲಿ ಯಾಕೋ ಸರಿಯಿಲ್ಲ ಎನ್ನಿಸಿ ಎಡಗಣ್ಣು ಮುಚ್ಚಿ ನೋಡಿದೆ. ಅಂಗೈಯಲ್ಲಿ ಲಿಂಗ ಕಾಣುತ್ತಿತ್ತು. ಅದರ ಕೆಳಗೆ ನನ್ನ ಮುಂಗೈ ಇರಲಿಲ್ಲ, ಬಳೆಗಳಿರಲಿಲ್ಲ. ಮೂಗಿನ ಪಕ್ಕದಿಂದ ಕಪ್ಪು ಪರದೆಯೊಂದು ಮೇಲೇರಿ ನಿಂತಿತ್ತು. ಬಲಗಣ್ಣು ಮುಚ್ಚಿದೆ, ಎಲ್ಲ ಸರಿಯಾಗಿ ಕಂಡಿತು. ನೋವು ಮಾತ್ರ ಒಂದಿಷ್ಟೂ ಇರಲಿಲ್ಲ.

"ರೀ, ಏಳಿ, ಕಣ್ಣಾಸ್ಪತ್ರೆಗೆ ಹೋಗೋಣ. ಅರ್ಧ ಕಣ್ಣು ಹೋಗಿದೆ."

"ಒಳಗಣ್ಣು ತೆರೆಯುವಾಗ ಹೊರಗಣ್ಣು ಮಬ್ಬಾಗುತ್ತೆ ಕಣೇ," ಎಂದರು ಅವರು, ಎಲ್ಲ ಬಲ್ಲವರ ಹಾಗೆ. "ಸಂಜೆ ಅಷ್ಟು ಜನ ಬರ್ತಾರೆ. ನಾಳೆ ಮಠಕ್ಕೆ ಹೋಗಿ ಅಯ್ಯನವರನ್ನ ಕೇಳೋಣ."

ನನಗೆ ಮೈಯೆಲ್ಲ ಉರಿದುಹೋಯಿತು. "ಶಿವ ಬೆಳಕು ಕೊಡೋದಾಗಿದ್ರೆ ಎರಡು ಕಣ್ಣಿಗೂ ಕೊಡ್ತಿದ್ದ. ಒಂದಕ್ಕೆ ಮಂಜೂರು ಮಾಡಿ ಇನ್ನೊಂದನ್ನ ಅಲೆಸಕ್ಕೆ ಅವನೇನು ತಹಸೀಲ್ದಾರನಾ?"

ದಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ರಾಜಾಜಿನಗರದ ಕಣ್ಣಾಸ್ಪತ್ರೆಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಕೇಳಿದಳು: "ಇದ್ದಕ್ಕಿದ್ದಂಗೆ ಆಯ್ತಾ ಆಂಟಿ? ಒಂದೇ ಕಣ್ಣಾ? ಪರದೆ ಥರಾನಾ?" ಎಲ್ಲದಕ್ಕೂ ಹೌದು ಎಂದೆ. "ಹಂಗಾದ್ರೆ ಈಗ್ಲೇ ಬನ್ನಿ, ನಾಳೆ ಅನ್ಬೇಡಿ," ಎಂದಳು.

ಆಟೋ ಕರೆಸಿದೆ. ಅಡುಗೆಗೆ ಕೈಜೋಡಿಸಲು ಬೇಗನೆ ಬಂದಿದ್ದ ಎದುರುಮನೆ ಭುವನೇಶ್ವರಿ ಗೇಟಿನಲ್ಲೇ ಬಗ್ಗಿ ನನ್ನ ಪಾದ ಹಿಡಿದುಕೊಂಡಳು.

"ಕಾಲು ಬಿಡಮ್ಮಾ ತಾಯಿ, ಆಟೋ ನಿಂತಿದೆ!" ಎಂದು ಕೂಗಿ ಹತ್ತಿ ಕೂತೆ.

ಡಾಕ್ಟರ್ ರಾಗಿಣಿ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ಬಹಳ ಹೊತ್ತು ನೋಡಿದರು. "ನಂಬರು ಬದಲಾದ್ರೆ, ಪೊರೆ ಬಂದ್ರೆ, ನಿಧಾನವಾಗಿ ಮಂಜಾಗುತ್ತೆ. ನಾಲ್ಕು ದಿನ ಕಾದು ತೋರಿಸಿದ್ರೂ ನಡೆಯುತ್ತೆ. ಹಿಂಗೆ ದಿಢೀರ್ ಅಂತ ಮಿಂಚು, ಚುಕ್ಕೆ, ಪರದೆ ಬಂದ್ರೆ ಒಂದು ದಿನಾನೂ ಕಾಯಬಾರದಮ್ಮಾ. ಕಣ್ಣಿನ ಹಿಂದಿನ ಪದರ ಹರಿದು ಕಳಚ್ಕೊಳ್ತಾ ಇದೆ. ಅದು ಜಗ್ಗಿದಾಗಲೇ ಆ ಮಿಂಚು ಕಾಣೋದು. ನಡುಭಾಗ ಇನ್ನೂ ಅಂಟಿಕೊಂಡಿದೆ. ಇವತ್ತೇ ಆಪರೇಷನ್ ಮಾಡಿದ್ರೆ ದೃಷ್ಟಿ ಉಳಿಸ್ಕೋಬಹುದು."

ಏಕಾಂತಯ್ಯನವರು ಇನ್ನೊಂದು ಆಟೋ ಹಿಡಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಆಪರೇಷನ್ನಿನ ಒಪ್ಪಿಗೆ ಪತ್ರ ನನ್ನ ಮುಂದಿತ್ತು, ಪೆನ್ನು ನನ್ನ ಕೈಯಲ್ಲಿತ್ತು.

"ಸಹಿ ಮಾಡ್ಬೇಡ ನೀಲಾ, ಅಯ್ಯನವರನ್ನ ಒಂದು ಮಾತು ಕೇಳೋಣ!"

"ಕಣ್ಣು ನಂದು, ಸಹಿಯೂ ನಂದು," ಎಂದು ಅವರೆದುರಿಗೇ ಸಹಿ ಹಾಕಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಡಾಕ್ಟರ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಹಂಗೇ ಬಿಟ್ರೆ ಆ ಬೆಳಕು ತಾನಾಗೇ ನಿಂತುಹೋಗುತ್ತಾ?" ಎಂದು ಕೇಳಿದರು.

"ನಿಲ್ಲಬಹುದು ಸಾರ್. ಅಷ್ಟರಲ್ಲಿ ಕಣ್ಣೇ ಹೋಗಿರುತ್ತೆ."

ಅವರು ಗೋಡೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. "ನನಗೂ ಕಂಡಿತ್ತು ಕಣೇ. ಹೋದ ಶಿವರಾತ್ರಿ ಪೂಜೆಯಲ್ಲಿ, ಎಡಗಣ್ಣಲ್ಲಿ. ಅಂಥ ಅನುಭವಾನ ಯಾರಿಗೂ ಹೇಳ್ಕೋಬಾರದು ಅಂತ ಸುಮ್ಮನಿದ್ದೆ. ನಿನಗೂ ಕಾಣುತ್ತೆ ಅಂದಾಗ ನಂದು ಸುಳ್ಳಲ್ಲ ಅಂತ ಸಂತೋಷ ಆಯ್ತು."

"ಈಗ ಏನು ಕಾಣುತ್ತೆ ಎಡಗಣ್ಣಲ್ಲಿ?"

"ಕತ್ತಲೆ."

ಅಯ್ಯೋ ದೇವರೇ! ಒಂದೇ ಮನೆಯಲ್ಲಿ ಈ ಮನುಷ್ಯ ಇಷ್ಟು ದಿನ ಒಂಟಿಕಣ್ಣಲ್ಲಿ ಓಡಾಡಿದ್ದಾನೆ, ಒಂದು ಮಾತು ಹೇಳಿಲ್ಲ. ಹೊಡೆಯುವಷ್ಟು ಸಿಟ್ಟು, ತಬ್ಬಿಕೊಂಡು ಅಳುವಷ್ಟು ಸಂಕಟ, ಎರಡೂ ಒಟ್ಟಿಗೇ ಬಂದವು. ತೋಳು ಹಿಡಿದು ಎಬ್ಬಿಸಿ ಡಾಕ್ಟರ ಮುಂದಿನ ಕುರ್ಚಿಗೆ ತಂದು ಕೂರಿಸಿದೆ.

ಡಾಕ್ಟರು ಇವರ ಕಣ್ಣುಗಳಿಗೂ ಹನಿ ಹಾಕಿ, ಕಾದು, ಎರಡನ್ನೂ ನೋಡಿದರು. ಎಡಗಣ್ಣು ಕೈಮೀರಿದೆ ಎಂದರು. ಬಲಗಣ್ಣಿನ ಪದರವೂ ಒಂದು ಕಡೆ ಹರಿಯಲು ಶುರುವಾಗಿದೆ, ಈಗಲೇ ಲೇಸರ್ ಹಾಕಿದರೆ ನಿಲ್ಲಿಸಬಹುದು ಎಂದರು.

"ಬೇಡ ಬಿಡಿ. ಶಿವ ಕೊಟ್ಟಿದ್ದಕ್ಕೆ ಕೈ ಹಾಕೋದು..." ಎಂದು ಇವರು ಏಳಲು ಹೊರಟರು.

"ಕಣ್ಣೂ ಅವನೇ ಕೊಟ್ಟಿದ್ದಲ್ವೇನ್ರೀ?" ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದೆ. "ನೀವು ಲೇಸರ್ ಹಾಕಿಸ್ಕೊಳ್ಳೋವರೆಗೂ ನಾನು ಆಪರೇಷನ್‌ಗೆ ಒಳಗೆ ಹೋಗಲ್ಲ. ನನ್ನ ಕಣ್ಣು ಹೋದ್ರೆ ಅದು ನಿಮ್ಮ ತಲೆ ಮೇಲೆ!"

ನರ್ಸ್ ವೀಲ್‌ಚೇರ್ ತಂದು ನನ್ನ ಹಿಂದೆ ನಿಂತಿದ್ದಳು. ನಾನು ಕೂರಲಿಲ್ಲ. ಏಕಾಂತಯ್ಯನವರು ನನ್ನನ್ನು ನೋಡಿದರು, ಆ ವೀಲ್‌ಚೇರನ್ನು ನೋಡಿದರು. ಆಮೇಲೆ ಅಳುತ್ತಲೇ ಗದ್ದವನ್ನು ಲೇಸರ್ ಮಷೀನಿನ ಮೇಲಿಟ್ಟು ಬಲಗಣ್ಣನ್ನು ಅಗಲವಾಗಿ ತೆರೆದರು.